ದೀರ್ಘಕಾಲಿಕ ಚುಚ್ಚುಮದ್ದು ಅಂಕುಶವಾಗದಿರಲಿ

ಔಷಧಿಯನ್ನು ಬರೆದುಕೊಟ್ಟ ಮಾತ್ರಕ್ಕೆ ಚಿಕಿತ್ಸೆ ಪೂರ್ಣವಾಗದು. ಅದು ತಪ್ಪದೆ ರೋಗಿಯ ದೇಹವನ್ನು ಸೇರಬೇಕು. ಸ್ಕಿಜೋಫ್ರೇನಿಯಾದಂಥ ಮನೋರೋಗದಲ್ಲಿ ಇದು ಬಲು ಕಷ್ಟ. ತನಗೆ ರೋಗವಿದೆಯೆಂಬ ಅರಿವೇ ಅನೇಕರಲ್ಲಿ ಮಸುಕಾಗಿರುತ್ತದೆ. ಗುಳಿಗೆ ನಿಂತರೆ ರೋಗ ಮರುಕಳಿಸುವ ಭಯ. ನುಂಗಿಸಹೊರಟರೆ ಮನೆಯಲ್ಲಿ ನಿತ್ಯ ಕಲಹ.

ಈ ತೊಡಕಿಗೆ 1960ರ ದಶಕದಲ್ಲಿಯೇ ಒಂದು ಉಪಾಯ ದೊರೆಯಿತು. ಫ್ಲೂಫೆನಜೀನ್ ಎಂಬ ಔಷಧಿಯನ್ನು ಮೇದಾಮ್ಲದೊಡನೆ ಸಂಯೋಜಿಸಿ, ಎಳ್ಳೆಣ್ಣೆಯಲ್ಲಿ ಕರಗಿಸಿ, ಸ್ನಾಯುವಿಗೆ ಚುಚ್ಚಿದರೆ ಅದು ಮೆಲ್ಲಮೆಲ್ಲನೆ ರಕ್ತಕ್ಕೆ ಇಳಿದು ವಾರಗಟ್ಟಲೆ ಕೆಲಸಮಾಡುತ್ತದೆ. ಪ್ಯಾಲಿಪೆರಿಡೋನ್ ಎಂಬ ಈಚಿನ ಔಷಧಿಯನ್ನು ಆರು ತಿಂಗಳಿಗೊಮ್ಮೆ ಚುಚ್ಚುವ ರೂಪಕ್ಕೆ 2021ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತಿದೆ.

ಆದರೆ ಹಠಮಾರಿ ರೋಗಿಯನ್ನು ಬಗ್ಗಿಸುವ ಅಂಕುಶವೆಂದು ಇದನ್ನು ಬಳಸುವುದು ಸಲ್ಲದು. ಗುಳಿಗೆ ಒಗ್ಗದಿದ್ದರೆ ಮರುದಿನವೇ ನಿಲ್ಲಿಸಬಹುದು. ಸ್ನಾಯುವನ್ನು ಸೇರಿದ ಮದ್ದನ್ನು ಹಿಂದಕ್ಕೆ ಪಡೆಯಲಾಗದು. ಕೈನಡುಕ, ಮೈಬಿಗಿತ ಮೊದಲಾದ ಅನಿಷ್ಟ ಪರಿಣಾಮಗಳು ತಲೆದೋರಿದರೆ ಬಹುಕಾಲ ಉಳಿದಾವು. ಆದುದರಿಂದ ಮೊದಲು ಅದೇ ಬಗೆಯ ಗುಳಿಗೆಯನ್ನು ಕೊಟ್ಟು, ರೋಗಿಗೆ ಅದು ಒಗ್ಗುವುದೇ ಎಂದು ನೋಡಬೇಕು; ಗುಣದೋಷಗಳೆರಡನ್ನೂ ತಿಳಿಸಿ ಸಮ್ಮತಿಯನ್ನು ಪಡೆಯಬೇಕು. ಚಿಕಿತ್ಸೆಯ ವಿವರವನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿಯೇ ತಿಳಿಸಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆಯೂ ವಿಧಿಸಿದೆ. ಹೊರನಾಡಿನಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಈ ಹಕ್ಕನ್ನು ಮರೆಯಬಾರದು. ವೈದ್ಯರ ಮಾತು ರೋಗಿಗೆ ತಿಳಿಯದಿದ್ದಲ್ಲಿ ಕನ್ನಡದಲ್ಲಿ ವಿವರಿಸಿ ಹೇಳುವುದು ಬಂಧುಗಳ ಕರ್ತವ್ಯ.

ಹೀಗೆ ತಿಳಿದು ಒಪ್ಪಿದ ರೋಗಿಗೆ ಈ ಸೂಜಿ ಶಿಕ್ಷೆಯಲ್ಲ; ದಿನದಿನದ ಕಲಹದಿಂದ ದೊರೆತ ಬಿಡುಗಡೆ.