ತೆರೆಯನ್ನು ಮುಟ್ಟದ ಬೆಳಕು

ಪ್ರೊಜೆಕ್ಟರಿನಿಂದ ತೆರೆಯ ಮೇಲೆ ಇರುಳಿನ ದೃಶ್ಯವೊಂದು ಮೂಡಿದಾಗ ಕೋಣೆಯೆಲ್ಲ ಕತ್ತಲಾಗುತ್ತದೆ. ಆದರೆ ಹಲವು ಯಂತ್ರಗಳಲ್ಲಿ ಒಳಗಿನ ದೀಪ ಮಾತ್ರ ಮೊದಲಿನಷ್ಟೇ ಪ್ರಖರವಾಗಿ ಉರಿಯುತ್ತಿರುತ್ತದೆ. ಆ ಬೆಳಕು ಹೋಗುವುದೆಲ್ಲಿಗೆ?

1987ರಲ್ಲಿ ಅಮೆರಿಕದ ಲ್ಯಾರಿ ಹಾರ್ನ್‌ಬೆಕ್ ರೂಪಿಸಿದ ಸೂಕ್ಷ್ಮದರ್ಪಣ ಫಲಕವನ್ನು ನೋಡಿದರೆ ಉತ್ತರ ತಿಳಿಯುತ್ತದೆ. ಇಂದು ಅಂಥ ಪುಟ್ಟ ಫಲಕವೊಂದರ ಮೇಲೆ ಲಕ್ಷಾಂತರ ಕನ್ನಡಿಗಳಿರುತ್ತವೆ. ಒಂದು ಕಡೆಗೆ ವಾಲಿದ ಕನ್ನಡಿ ಬೆಳಕನ್ನು ಮಸೂರದ ಮೂಲಕ ತೆರೆಗೆ ಕಳುಹಿಸುತ್ತದೆ; ಇನ್ನೊಂದು ಕಡೆಗೆ ವಾಲಿದುದು ಅದನ್ನು ಯಂತ್ರದೊಳಗಿನ ಕಪ್ಪು ಗೋಡೆಗೆ ತಳ್ಳುತ್ತದೆ. ಅಲ್ಲಿ ಬೆಳಕು ಬಿಸಿಯಾಗುತ್ತದೆ. ಬಿಸಿಯನ್ನು ಹೊರದೂಡಲು ಫ್ಯಾನು, ಫ್ಯಾನಿಗೆ ಮತ್ತೆ ವಿದ್ಯುತ್ತು!

ಆ ಗೋಡೆಯ ಜಾಗದಲ್ಲಿ ಸೌರಕೋಶವನ್ನು ಇರಿಸಬಾರದೇಕೆ ಎಂಬ ಯೋಚನೆ ತಳ್ಳಿಹಾಕುವಂಥದಲ್ಲ. ಆದರೆ ಸಾಮಾನ್ಯ ಸಿಲಿಕಾನ್ ಕೋಶವು ಬಿಸಿಲಿನ ಸುಮಾರು ಐದನೆಯ ಒಂದು ಪಾಲನ್ನಷ್ಟೇ ವಿದ್ಯುತ್ತಾಗಿಸುತ್ತದೆ. ಇದೇ ಅಳತೆಯನ್ನು ಹಿಡಿದರೆ 10 ವ್ಯಾಟ್ ಬೆಳಕಿನಿಂದ 2 ವ್ಯಾಟ್ ಮರಳಿ ಬಂದೀತು. ಅದು ಸಣ್ಣದೊಂದು ಫ್ಯಾನಿಗೆ ಸಾಕಾದೀತು, ದೀಪಕ್ಕೆ ಸಾಲದು. ಕೋಶ ಬಿಸಿಯಾದಷ್ಟೂ ಅದರ ಇಳುವರಿಯೂ ಕುಗ್ಗುತ್ತದೆ. ಇದಕ್ಕಿಂತ ಮೊದಲು ಮಾಡಬೇಕಾದ ಕೆಲಸಗಳು ಬೇರೆ ಇವೆ. ದ್ರವಸ್ಫಟಿಕ ಫಲಕವು ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಳಸಿಕೊಳ್ಳಬಲ್ಲದು. ಉಳಿದರ್ಧವನ್ನು ಕಳೆದುಕೊಳ್ಳದೆ, ಕಂಪನದ ದಿಕ್ಕನ್ನು ತಿರುಗಿಸಿ ಬೆಳಕಾಗಿಯೇ ಬಳಸುವ ಪ್ರೊಜೆಕ್ಟರುಗಳು ಬಂದಿವೆ. ಕೆಲವು ಲೇಸರ್ ಪ್ರೊಜೆಕ್ಟರುಗಳಲ್ಲಂತೂ ದೃಶ್ಯ ಕಪ್ಪಾದೊಡನೆ ಬೆಳಕಿನ ಮೂಲವೇ ಮಂದವಾಗುತ್ತದೆ.