ಒಟಿಪಿ ಕೊಟ್ಟ ಮೇಲೆ ಅಡುಗೆಮನೆ ಯಾರದ್ದು?

“ಅಮ್ಮಾ, ನಿಮ್ಮ ಫೋನಿಗೆ ಒಂದು ಒಟಿಪಿ ಬಂದಿರುತ್ತೆ, ಸ್ವಲ್ಪ ಹೇಳ್ತೀರಾ?”

ಸಂಜೆ ಆರೂವರೆ. ಕರೆಂಟು ಆಗತಾನೇ ಹೋಗಿತ್ತು. ಫಿಟಿಂಗ್ ಮಾಡಲು ಬಂದಿದ್ದ ಇಬ್ಬರು ಹುಡುಗರು ಡ್ರಿಲ್ಲಿಂಗ್ ಮಷೀನನ್ನು ಚೀಲಕ್ಕೆ ತುಂಬಿಕೊಂಡು ಬಾಗಿಲಲ್ಲಿ ನಿಂತಿದ್ದರು. ಎರಡು ಕಪಾಟಿಗೆ ಬಾಗಿಲೇ ಬಂದಿರಲಿಲ್ಲ. ಸಿಂಕಿನ ಕೆಳಗಿನ ಡಬ್ಬ ಅಳತೆಗೆ ಕೂರದೆ, ಅದನ್ನು ಅಲ್ಲೇ ನೆಲದ ಮೇಲಿಟ್ಟು ಕೊಯ್ದು ತುರುಕಿದ್ದರು. ಅಮ್ಮ ಕನ್ನಡಕ ಹುಡುಕಿ, ಮೆಸೇಜು ತೆರೆದು, ಆರು ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿದರು. ಹುಡುಗರು ಬೈಕು ಹತ್ತಿದರು.

ಆ ಆರು ಅಂಕಿಯ ಅರ್ಥ ನಮಗೆ ತಿಳಿದದ್ದು ಹದಿನೈದು ದಿನ ಬಿಟ್ಟು. ಬಾಗಿಲು ಯಾವಾಗ ಬರುತ್ತೆ ಅಂತ ಕೇಳಲು ಫೋನ್ ಮಾಡಿದರೆ ಆ ಕಡೆಯಿಂದ ಉತ್ತರ: “ನಿಮ್ಮ ಕೆಲಸ ಕಂಪ್ಲೀಟ್ ಆಗಿದೆ ಸಾರ್. ಗ್ರಾಹಕರೇ ಕನ್ಫರ್ಮ್ ಮಾಡಿದ್ದಾರೆ.”

ಇದು ನಮ್ಮ ತಂಡದಲ್ಲೊಬ್ಬರ ಮನೆ, ತಿಪಟೂರಿನ ಕಡೆಯ ಒಂದು ಹಳ್ಳಿ. ಆದರೆ ಕರಾರು ಓದಿದ್ದು, ಫೋನ್ ಮಾಡಿದ್ದು, ಷೋರೂಮಿಗೆ ಅಲೆದದ್ದು ಎಲ್ಲರೂ ಸೇರಿ. ಹಾಗಾಗಿ ‘ನಾವು’ ಅಂತಲೇ ಬರೆಯುತ್ತೇವೆ. ಕಂಪನಿಯ ಹೆಸರು ಹಾಕುವುದಿಲ್ಲ, ದೂರು ಆಯೋಗದ ಮುಂದಿದೆ. ಸೋಫಾ, ಮಂಚ, ಫ್ರಿಜ್ಜು ಎಲ್ಲ ಮಾರುವ ದೊಡ್ಡ ಅಂಗಡಿಯದು, ಜಿಲ್ಲಾ ಕೇಂದ್ರದಲ್ಲಿ ಅದರ ಷೋರೂಮಿದೆ, ‘ನಿಮ್ಮ ಹಳೇ ಅಡುಗೆಮನೆ ನಮಗೆ ಬಿಡಿ’ ಅನ್ನುವ ಥರದ ಬೋರ್ಡು ಹಾಕಿಕೊಂಡಿದೆ ಎಂದರೆ ಸಾಕು.

ಮೊದಲು ಒಂದು ಮಾತು ಹೇಳಿಬಿಡಬೇಕು. ಈ ಕತೆ ಕೇಳಿದವರಲ್ಲಿ ಅರ್ಧ ಜನ “ಹಳ್ಳಿಯವರಿಗೆ ಮಾಡ್ಯುಲರ್ ಕಿಚನ್ ಯಾಕೆ ಬೇಕಿತ್ತು?” ಅಂದರು. ಯಾಕೆ ಬೇಡ? ಮೂವತ್ತೈದು ವರ್ಷ ಕಗ್ಗತ್ತಲ ಕೋಣೆಯಲ್ಲಿ, ಮಸಿ ಹಿಡಿದ ಗೋಡೆಯ ಮುಂದೆ ಬಗ್ಗಿ ಬೇಯಿಸಿದ ಹೆಂಗಸು ತನಗೊಂದು ಬೆಳಕಿರುವ, ಕೈಗೆಟುಕುವ ಅಡುಗೆಮನೆ ಬೇಕು ಅಂದರೆ ಅದು ಷೋಕಿ ಹೇಗಾಗುತ್ತದೆ? ಮಗನಿಗೆ ಬೈಕು ಕೊಡಿಸುವಾಗ ಯಾರೂ ಈ ಪ್ರಶ್ನೆ ಕೇಳುವುದಿಲ್ಲ. ಕೊಬ್ಬರಿ ಮಾರಿದ ದುಡ್ಡಿನಲ್ಲಿ ಈ ಸಲ ಏನು ಮಾಡೋಣ ಅಂದಾಗ ಅಮ್ಮ ಮೊದಲ ಸಲ ತನಗೆ ಬೇಕಾದದ್ದನ್ನು ಬಾಯಿಬಿಟ್ಟು ಕೇಳಿದ್ದರು. ನಮ್ಮ ಸಿಟ್ಟಿನ ಮೂಲ ಅಲ್ಲಿದೆ.

ಷೋರೂಮಿನಲ್ಲಿ ರಾಜೋಪಚಾರ. ಎಸಿ, ಕಾಫಿ, ಕಂಪ್ಯೂಟರಿನಲ್ಲಿ ಅರ್ಧ ಗಂಟೆಗೆ ಬಣ್ಣಬಣ್ಣದ ಚಿತ್ರ. ಅಮ್ಮನ ಅಡುಗೆಮನೆ ಪರದೆಯ ಮೇಲೆ ಗಿರಗಿರ ತಿರುಗಿತು. ಒಟ್ಟು ಎರಡು ಲಕ್ಷದ ಎಂಬತ್ತೈದು ಸಾವಿರ. ಬುಕಿಂಗಿಗೆ ಹತ್ತು ಪರ್ಸೆಂಟ್, ಡಿಸೈನ್ ಒಪ್ಪಿದ ಮೇಲೆ ಐವತ್ತು, ಫ್ಯಾಕ್ಟರಿಯಿಂದ ಮಾಲು ಹೊರಡುವ ಮುಂಚೆ ಉಳಿದ ನಲವತ್ತು. ಲೆಕ್ಕ ಹಾಕಿ ನೋಡಿ. ಒಂದು ಹಲಗೆ ನಮ್ಮ ಊರಿನ ದಾರಿ ಹಿಡಿಯುವ ಮೊದಲೇ ನೂರಕ್ಕೆ ನೂರು ದುಡ್ಡು ಅವರ ಜೇಬಿನಲ್ಲಿ. ನಮ್ಮೂರ ಬಡಗಿ ಮರ ತರೋಕೆ ಅಡ್ವಾನ್ಸ್ ಇಸ್ಕೊಳ್ತಾನೆ, ಬಾಗಿಲು ಕೂರಿಸಿದಾಗ ಒಂದಿಷ್ಟು, ಚಿಲಕ ಸರಿಯಾಗಿ ಬಿದ್ದ ಮೇಲೆ ಕೊನೆಯದು. ಅವನಿಗೆ ಕೊನೆಯ ಐದು ಸಾವಿರಕ್ಕಾಗಿ ಮತ್ತೆ ನಮ್ಮ ಮನೆಗೆ ಬರಬೇಕು. ಈ ಕಂಪನಿಗೆ ನಮ್ಮ ಮನೆಗೆ ಬರಲು ಯಾವ ಕಾರಣವೂ ಉಳಿದಿರಲಿಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

ಅರ್ಧ ದುಡ್ಡಿಗೆ ‘ಬಡ್ಡಿಯಿಲ್ಲದ ಕಂತು’ ಮಾಡಿಕೊಟ್ಟರು. ಅದಕ್ಕೆ ಪ್ರೊಸೆಸಿಂಗ್ ಫೀ, ಫೀಗೆ ಜಿಎಸ್‌ಟಿ. ಪೂರ್ತಿ ನಗದು ಕೊಟ್ಟಿದ್ದರೆ ಸಿಗುತ್ತಿದ್ದ ಡಿಸ್ಕೌಂಟು ಇಲ್ಲ. ಶೂನ್ಯ ಬಡ್ಡಿ ಅನ್ನುವುದೇ ಇಲ್ಲ, ಬಡ್ಡಿಯನ್ನು ಬೇರೆ ಹೆಸರಲ್ಲಿ ಮುಚ್ಚಿಡಲಾಗುತ್ತದೆ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಮಾತು ಹಳೆಯದಾಯಿತು, ಬೋರ್ಡು ಮಾತ್ರ ಹೊಸದಾಗುತ್ತಲೇ ಇದೆ.

ಅಳತೆಗೆ ಬಂದವನು ಬೇರೆ ಏಜೆನ್ಸಿಯವನು. ಲೇಸರ್ ಯಂತ್ರ ಇಟ್ಟು ಹತ್ತು ನಿಮಿಷದಲ್ಲಿ ಮುಗಿಸಿದ. ನಮ್ಮ ಮನೆ ಅಜ್ಜನ ಕಾಲದ್ದು. ಗೋಡೆ ಒಂದು ಮೂಲೆಯಲ್ಲಿ ಎರಡಿಂಚು ಸೊಟ್ಟ, ನೆಲ ಹಿತ್ತಲ ಕಡೆಗೆ ಇಳಿಜಾರು. ಹೇಳಿದೆವು. “ಅದೆಲ್ಲ ಫಿಲ್ಲರ್ ಹಾಕಿ ಅಡ್ಜಸ್ಟ್ ಮಾಡ್ತಾರೆ” ಅಂದ. ಹಳೇ ಕಟ್ಟೆ ಒಡೆಯುವುದು ಪ್ಯಾಕೇಜಿನಲ್ಲಿಲ್ಲ ಅಂತ ಆಮೇಲೆ ತಿಳಿಯಿತು. ಮುಂದಿನ ವಾರ ಮಾಲು ಬರುತ್ತೆ, ಜಾಗ ಖಾಲಿ ಇರಲಿ ಅಂದರು. ನಾವೇ ಒಡೆದೆವು. ಮಾಲು ಬಂದದ್ದು ಹನ್ನೊಂದು ವಾರಕ್ಕೆ.

ಆ ಹನ್ನೊಂದು ವಾರ ಅಮ್ಮ ಹಿತ್ತಲಲ್ಲಿ ಶೀಟು ಕಟ್ಟಿ, ಮೂರು ಕಲ್ಲಿಟ್ಟು ಬೇಯಿಸಿದರು. ಅದೂ ಮಳೆಗಾಲ. ಒದ್ದೆ ಸೌದೆ, ಹೊಗೆ, ತೋಟದ ಆಳುಗಳಿಗೂ ಅಲ್ಲೇ ಊಟ. ದಿನಾ ಷೋರೂಮಿಗೆ ಫೋನು. ಷೋರೂಮಿನವರು ಫ್ಯಾಕ್ಟರಿ ಅಂದರು, ಫ್ಯಾಕ್ಟರಿಯವರ ನಂಬರ್ ಕೊಡಲಿಲ್ಲ. ಡಿಸೈನರ್ ಮೇಡಂ ಕೆಲಸ ಬಿಟ್ಟಿದ್ದರು. ಕೊನೆಗೆ ಲಾರಿ ಬಂತು, ಆದರೆ ನಮ್ಮ ಓಣಿಗೆ ನುಗ್ಗಲ್ಲ ಅಂತ ಹೈವೇ ಪಕ್ಕ ಇಳಿಸಿ ಹೋಯಿತು. ಟ್ರ್ಯಾಕ್ಟರ್ ಬಾಡಿಗೆ ನಮ್ಮದೇ.

ಇನ್ನು ಮಾಲು. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಷೋರೂಮಿನಲ್ಲಿ ಎಲ್ಲರೂ ‘ವುಡ್’ ಅನ್ನುತ್ತಾರೆ. ಆ ವುಡ್ ನಾಲ್ಕಾರು ಥರ. ಪಾರ್ಟಿಕಲ್ ಬೋರ್ಡ್ ಅಂದರೆ ಮರದ ಚೂರುಗಳನ್ನು ಅಂಟಿನಲ್ಲಿ ಒತ್ತಿದ್ದು. ಎಂಡಿಎಫ್ ಅಂದರೆ ಮರದ ನಾರನ್ನು ಒತ್ತಿದ್ದು. ಪ್ಲೈವುಡ್ ಅಂದರೆ ತೆಳು ಪದರಗಳನ್ನು ಒಂದರ ಮೇಲೊಂದು ಅಡ್ಡಡ್ಡ ಅಂಟಿಸಿದ್ದು. ಅದರಲ್ಲೂ ಐಎಸ್ 303 ಸಾಧಾರಣ ಬಳಕೆಯ ಪ್ಲೈವುಡ್‌ನದು, ಐಎಸ್ 710 ನೀರು ತಡೆಯುವ ಮರೈನ್ ಪ್ಲೈವುಡ್‌ನದು. ಮೇಲೆ ಒಂದೇ ಬಣ್ಣದ ಲ್ಯಾಮಿನೇಟ್ ಹೊದಿಸಿದರೆ ಬರಿಗಣ್ಣಿಗೆ ಎಲ್ಲವೂ ಒಂದೇ. ಅಂಚಿಗೆ ಪಟ್ಟಿ ಹಚ್ಚಿ ಮುಚ್ಚಿರುವವರೆಗೆ ಎಂಡಿಎಫ್ ಕೂಡ ನೆಟ್ಟಗೇ ಇರುತ್ತದೆ. ಅಂಚು ಕೊಯ್ದು ಹಾಗೇ ಬಿಟ್ಟರೆ ನೀರು ಕುಡಿದು ಉಬ್ಬುತ್ತದೆ, ಒಮ್ಮೆ ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ.

ನಮ್ಮ ಮನೆಯಲ್ಲಿ ಆದದ್ದು ಅದೇ. ಅಳತೆ ತಪ್ಪಿದ್ದಕ್ಕೆ ಸಿಂಕಿನ ಡಬ್ಬವನ್ನು ಕೊಯ್ದರು, ಕೊಯ್ದ ಅಂಚಿಗೆ ಏನೂ ಹಚ್ಚಲಿಲ್ಲ. ಒಂದೂವರೆ ತಿಂಗಳಿಗೆ ಅದು ನೆನೆದ ರಸ್ಕಿನ ಹಾಗೆ ಊದಿಕೊಂಡಿತು. ಕರಾರು ತೆಗೆದು ನೋಡಿದರೆ ಮೆಟೀರಿಯಲ್ ಎಂಬಲ್ಲಿ ‘ಎಂಜಿನಿಯರ್ಡ್ ವುಡ್, ಪ್ರೀಮಿಯಂ’ ಅಂತಷ್ಟೇ ಇತ್ತು. ಪ್ರೀಮಿಯಂ ಅನ್ನುವುದು ಯಾವ ಮರದ ಜಾತಿ?

ಹತ್ತು ವರ್ಷದ ವಾರಂಟಿ ಇದೆಯಲ್ಲ ಅಂತ ಸಮಾಧಾನ ಮಾಡಿಕೊಂಡೆವು. ವಾರಂಟಿ ಕಾಗದದ ಹಿಂದೆ ಇರುವೆಗಾತ್ರದ ಅಕ್ಷರದಲ್ಲಿ ಬರೆದಿತ್ತು: ನೀರಿನಿಂದ, ತೇವದಿಂದ, ಶಾಖದಿಂದ, ಗೆದ್ದಲಿನಿಂದ ಆದ ಹಾನಿಗೆ ವಾರಂಟಿ ಇಲ್ಲ. ಅಡುಗೆಮನೆಗೆ ನೀರೂ ಬೆಂಕಿಯೂ ಬಾರದ ಹಾಗೆ ನೋಡಿಕೊಂಡರೆ ಹತ್ತು ವರ್ಷ ಅವರ ಜವಾಬ್ದಾರಿ. ಇದನ್ನು ಓದಿ ಹೇಳಿದಾಗ ಅಮ್ಮ ನಕ್ಕರು, ಆ ಇಡೀ ಪ್ರಕರಣದಲ್ಲಿ ಅವರು ನಕ್ಕಿದ್ದು ಅದೊಂದೇ ಸಲ.

ಎತ್ತರದ ಮಾತೂ ಹೇಳಬೇಕು. ಕಟ್ಟೆ ಸುಮಾರು ಮೂವತ್ತನಾಲ್ಕು ಇಂಚು, ಅದರ ಮೇಲೆ ಒಲೆ, ಒಲೆಯ ಮೇಲೆ ಪಾತ್ರೆ. ಐದಡಿಯೂ ಇಲ್ಲದ ಹೆಂಗಸು ಅಷ್ಟೆತ್ತರದಲ್ಲಿ ಎಂಟು ಜನರ ಮುದ್ದೆಗೆ ಹಿಟ್ಟು ಹೇಗೆ ತೊಳಸಬೇಕು? ಮುದ್ದೆ ತೊಳಸುವುದಕ್ಕೆ ಮೈಭಾರ ಮೇಲಿಂದ ಬೀಳಬೇಕು. ಅದಕ್ಕೇ ಪಾತ್ರೆ ಕೆಳಗಿಳಿಸಿ, ಕವೆಗೋಲು ಕೊಟ್ಟು ಕಾಲಲ್ಲಿ ಅದುಮಿ ಹಿಡಿದು ತೊಳಸುವುದು. ಹೊಸ ಅಡುಗೆಮನೆಯಲ್ಲಿ ಆ ಜಾಗವೇ ಇಲ್ಲ, ನೆಲವನ್ನೆಲ್ಲ ಡ್ರಾಯರ್‌ಗಳು ತಿಂದಿವೆ. ಎಳೆಯುವ ಬುಟ್ಟಿಯಲ್ಲಿ ಚಹಾ ಕಪ್ಪು ನಿಲ್ಲುತ್ತೆ, ಹಬ್ಬದ ತಪ್ಪಲೆ ನಿಲ್ಲಲ್ಲ. ಚಿತ್ರ ಬರೆಯುವ ಮುಂಚೆ ‘ನಿಮ್ಮನೇಲಿ ಏನು ಅಡುಗೆ ಮಾಡ್ತೀರಿ, ಎಷ್ಟು ಜನಕ್ಕೆ’ ಅಂತ ಒಂದೇ ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಿದ್ದು ‘ಗ್ಲಾಸಿಯಾ ಮ್ಯಾಟ್ಟಾ’ ಅಂತ. ನಾವೂ ಅಲ್ಲಿ ಸುಮ್ಮನಿದ್ದೆವು, ಆ ತಪ್ಪು ನಮ್ಮದೂ ಹೌದು. ಎಸಿ ರೂಮಿನಲ್ಲಿ ಮುದ್ದೆಯ ಮಾತೆತ್ತಲು ಒಂಥರಾ ಸಂಕೋಚವಾಯಿತು.

ನಮ್ಮ ಜಗಳ ಫಿಟಿಂಗ್ ಹುಡುಗರ ಜೊತೆ ಅಲ್ಲ. ಅವರು ಕಂಪನಿಯ ನೌಕರರೇ ಅಲ್ಲ, ಗುತ್ತಿಗೆದಾರನ ಕೈಕೆಳಗಿನವರು, ಒಂದು ಅಡುಗೆಮನೆಗೆ ಇಷ್ಟು ಅಂತ ಕೂಲಿ. ಒಟಿಪಿ ಸಿಗದಿದ್ದರೆ ಆ ದಿನದ ದುಡ್ಡಿಲ್ಲ ಅಂತ ಆಮೇಲೆ ಅವರಲ್ಲೊಬ್ಬ ಫೋನಿನಲ್ಲಿ ಹೇಳಿದ. ಅಲ್ಲಿಗೆ ವ್ಯವಸ್ಥೆ ಹೇಗಿದೆ ನೋಡಿ: ಕೆಲಸ ಅರ್ಧ ಆದರೂ ಪೂರ್ತಿ ಆಗಿದೆ ಅಂತ ನಮ್ಮ ಕೈಯಲ್ಲೇ ಬರೆಸಿಕೊಳ್ಳಬೇಕು, ಬರೆಸಿಕೊಳ್ಳದಿದ್ದರೆ ಕೂಲಿಯವನ ಹೊಟ್ಟೆಗೆ ಏಟು. ಎರಡು ಬಡಪಾಯಿಗಳನ್ನು ಎದುರುಬದುರು ನಿಲ್ಲಿಸಿ ಕಂಪನಿ ಆರಾಮಾಗಿ ಕೂತಿದೆ.

ನಾವು ಹೇಳುವುದು ಇಷ್ಟೇ. ದುಡ್ಡು ಇಸ್ಕೊಳ್ಳುವಾಗ ಅವರು ಒಬ್ಬರೇ. ಒಂದೇ ಬಿಲ್ಲು, ಒಂದೇ ಹೆಸರು, ಒಂದೇ ಲೋಗೋ. ತಪ್ಪು ಕೇಳುವಾಗ ಐದು ಜನ: ಷೋರೂಮು, ಅಳತೆ ಏಜೆನ್ಸಿ, ಫ್ಯಾಕ್ಟರಿ, ಲಾರಿ, ಫಿಟಿಂಗ್ ಗುತ್ತಿಗೆದಾರ. ಐದೂ ಜನ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಯಾರ ಹೆಸರಲ್ಲಿ ಬಿಲ್ಲು ಇದೆಯೋ ಅವರೇ ಬಾಗಿಲನ್ನೂ ತಂದುಕೊಡಬೇಕು. ಅವರ ಒಳಗಿನ ಗುತ್ತಿಗೆ ಅವರ ಮನೆ ವಿಷಯ. ದೂರದ ಮಾತೂ ಬೇಡ. “ನಿಮ್ಮ ಪಿನ್‌ಕೋಡಿಗೆ ಸರ್ವಿಸ್ ಟೆಕ್ನಿಷಿಯನ್ ಇಲ್ಲ” ಅಂತ ಈಗ ಹೇಳುತ್ತಾರೆ. ದುಡ್ಡು ಕಟ್ಟಿಸಿಕೊಂಡ ದಿನವೂ ನಮ್ಮ ಪಿನ್‌ಕೋಡು ಅದೇ ಇತ್ತು.

ಕರಾರಿನ ಕೊನೆಯಲ್ಲಿ, ವ್ಯಾಜ್ಯ ಬಂದರೆ ಬೇರೆ ರಾಜ್ಯದ ಒಂದು ನಗರದ ಕೋರ್ಟಿನಲ್ಲೇ ತೀರ್ಮಾನ ಅಂತ ಒಂದು ಸಾಲಿದೆ. ಅದನ್ನು ಓದಿ ಹೆದರಿ ಕೈಬಿಟ್ಟವರು ಎಷ್ಟು ಮಂದಿಯೋ. ನಾವೂ ಒಂದು ವಾರ ಹೆದರಿದ್ದೆವು. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಜಾರಿಗೆ ಬಂದದ್ದು 2020ರ ಜುಲೈನಲ್ಲಿ, ಗ್ರಾಹಕ ತಾನು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು ಅನ್ನುತ್ತದೆ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ. ತೊಂದರೆ ಆದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು, ಆನ್‌ಲೈನಿನಲ್ಲೂ ಸಲ್ಲಿಸಬಹುದು. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಅವರು ಕಂಪನಿಗೆ ದೂರು ಕಳಿಸುತ್ತಾರೆ. ನಮ್ಮ ವಿಷಯದಲ್ಲಿ ಆ ದೂರಿಗೆ ಕಂಪನಿ ಕೊಟ್ಟ ಉತ್ತರ ಮತ್ತದೇ: ಗ್ರಾಹಕರು ಒಟಿಪಿ ಮೂಲಕ ದೃಢಪಡಿಸಿದ್ದಾರೆ.

ಆಯೋಗದಲ್ಲಿ ಬೇಗ ಆಗುತ್ತೆ ಅಂತ ನಾವೇನೂ ಆಸೆ ಹುಟ್ಟಿಸುವುದಿಲ್ಲ. ಎದುರಿನವರಿಗೆ ನೋಟಿಸ್ ಮುಟ್ಟಿದ ಮೇಲೆ ಮೂರು ತಿಂಗಳು, ಮಾಲನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಬೇಕಾದರೆ ಐದು ತಿಂಗಳೊಳಗೆ ತೀರ್ಮಾನಿಸಲು ಯತ್ನಿಸಬೇಕು ಅಂತ ಕಾಯ್ದೆಯಲ್ಲಿದೆ. ಅಲ್ಲಿ ಅಲೆದವರು ಬೇರೆಯೇ ಲೆಕ್ಕ ಹೇಳುತ್ತಾರೆ.

ಈ ಯುಗಾದಿಗೋ ಗೃಹಪ್ರವೇಶಕ್ಕೋ ನೀವೂ ಇಂಥದ್ದಕ್ಕೆ ಕೈಹಾಕುವುದಾದರೆ, ಹಲಗೆಯ ಹೆಸರನ್ನೂ ಐಎಸ್ ನಂಬರನ್ನೂ ಬಿಲ್ಲಿನ ಮೇಲೆ ಬರೆಸಿ. ಮಾಲು ಬರುವ ತಾರೀಕು ಬರೆಸಿ, ತಡವಾದರೆ ಎಷ್ಟು ಮುರಿದುಕೊಳ್ಳಬಹುದು ಅನ್ನುವುದನ್ನೂ ಬರೆಸಿ. ಹಣದ ಒಂದು ಭಾಗ ಫಿಟಿಂಗ್ ಮುಗಿದ ಮೇಲೆ ಅನ್ನಿ. ಒಪ್ಪಲ್ಲ ಅಂದರೆ ಕಾಫಿ ಕುಡಿದು ಎದ್ದು ಬನ್ನಿ. ಹಳೇ ಒಲೆಯನ್ನು ಮಾಲು ಕಣ್ಣಿಗೆ ಕಾಣುವವರೆಗೆ ಒಡೆಯಬೇಡಿ. ಒಟಿಪಿ ಮಾತ್ರ ಎಲ್ಲ ಬಾಗಿಲೂ ತೆರೆದು ಮುಚ್ಚಿ, ನಲ್ಲಿ ಬಿಟ್ಟು ನೋಡಿ, ಫೋಟೋ ತೆಗೆದ ಮೇಲೆ.

ನಮ್ಮ ದೂರಿನ ಜೊತೆ ಇಪ್ಪತ್ತಮೂರು ಫೋಟೋ, ಬಿಲ್ಲು, ವಾಟ್ಸಾಪ್ ಮಾತುಕತೆ, ಟ್ರ್ಯಾಕ್ಟರ್ ಬಾಡಿಗೆಯ ಚೀಟಿ ಎಲ್ಲ ಹಾಕಿದ್ದೇವೆ. ಸಿಂಕಿನ ಕೆಳಗಿನ ಊದಿದ ಡಬ್ಬವನ್ನು ಬಿಸಾಡದೆ ಕೊಟ್ಟಿಗೆಯಲ್ಲಿಟ್ಟಿದ್ದೇವೆ, ಕೇಳಿದರೆ ತೋರಿಸಬೇಕಲ್ಲ. ಅದರ ಜಾಗಕ್ಕೆ ನಮ್ಮೂರ ಬಡಗಿ ಕಡಪ ಕಲ್ಲಿನ ಎರಡು ಚಪ್ಪಡಿ ನಿಲ್ಲಿಸಿ, ಬೇವಿನ ಹಲಗೆಯ ಬಾಗಿಲು ಕೂರಿಸಿ ಕೊಟ್ಟ. ಎರಡು ದಿನದ ಕೆಲಸ, ನಾಲ್ಕು ಸಾವಿರದ ಇನ್ನೂರು. ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದುಕೊಟ್ಟ ಆ ರಸೀದಿಯನ್ನೂ ಫೈಲಿಗೆ ಸೇರಿಸಿದ್ದೇವೆ. ಅಮ್ಮ ಮುದ್ದೆಯನ್ನು ಈಗಲೂ ಹಿತ್ತಲಲ್ಲೇ ತೊಳಸುತ್ತಾರೆ.