ಬಣ್ಣ ಜಾಸ್ತಿಯಾದ್ರೆ ಹೆಸರು ಹೋಗುತ್ತೆ

ಫಸ್ಟ್ ಇಯರ್ ಕೆಮಿಸ್ಟ್ರಿ ಲ್ಯಾಬಲ್ಲಿ ಕಲರಿಮೀಟರ್ ಮುಂದೆ ನಿಂತು ತಾಮ್ರದ ದ್ರಾವಣದ ರೀಡಿಂಗ್ ಬರ್ಕೊಂಡಿದ್ದು ಎಲ್ರಿಗೂ ನೆನಪಿರುತ್ತೆ. ಜಪಾನಿನಲ್ಲಿ ಹೆಚ್ಚುಕಮ್ಮಿ ಅಂಥದ್ದೇ ಒಂದು ಅಳತೆ, ಒಂದು ಮದ್ಯಕ್ಕೆ ಅದರ ಸ್ವಂತ ಹೆಸರು ಸಿಗಬೇಕಾ ಬೇಡವಾ ಅಂತ ತೀರ್ಮಾನ ಮಾಡುತ್ತೆ. ನನ್ನ ತಕರಾರು ಅದರ ಮೇಲೆ.

ಮದ್ಯದ ಹೆಸರು ಶೋಚು. ಸಾಕೆ ಅಂದ್ರೆ ಅಕ್ಕಿ ಹುದುಗಿಸಿ ಸೋಸಿದ್ದು. ಶೋಚು ಅಂದ್ರೆ ಹುದುಗಿಸಿದ್ದನ್ನ ಭಟ್ಟಿ ಇಳಿಸಿದ್ದು. ಗೆಣಸು, ಬಾರ್ಲಿಯಲ್ಲೂ ಮಾಡ್ತಾರೆ. ಅಕ್ಕಿ ಶೋಚುಗೆ ಹೆಸರಾಗಿರೋದು ಕ್ಯೂಶು ದ್ವೀಪದ ಕುಮಾ ನದಿ ಕಣಿವೆ, ಹಿತೊಯೋಶಿ ಸುತ್ತಮುತ್ತ. ನಮ್ಮ ಮೈಸೂರು ರೇಷ್ಮೆಗೆ ಇರೋ ಹಾಗೆ ಕುಮಾ ಶೋಚುಗೂ 1995ರಿಂದ ಜಿಐ ರಕ್ಷಣೆ ಇದೆ. ವಿಸ್ಕಿಯಲ್ಲಿ ಪಿಷ್ಟವನ್ನ ಸಕ್ಕರೆ ಮಾಡೋದು ಮೊಳಕೆ ಬಂದ ಬಾರ್ಲಿ. ಇಲ್ಲಿ ಆ ಕೆಲಸ ಕೋಜಿದು, ಅಂದ್ರೆ ಬೇಯಿಸಿದ ಅಕ್ಕಿ ಮೇಲೆ ಬೇಕಂತಲೇ ಬೆಳೆಸೋ ಬೂಷ್ಟು. ಅದು ಸಿಟ್ರಿಕ್ ಆಮ್ಲವನ್ನೂ ಬಿಡೋದ್ರಿಂದ ಕ್ಯೂಶುವಿನ ಸೆಕೆಯಲ್ಲೂ ಹುದುಗು ಕೆಡಲ್ಲ. ಸಕ್ಕರೆ ಆಗೋದು, ಅದನ್ನ ಯೀಸ್ಟ್ ತಿನ್ನೋದು ಎರಡೂ ಒಂದೇ ಪಾತ್ರೆಯಲ್ಲಿ, ಒಟ್ಟೊಟ್ಟಿಗೆ. ಬಯೋಟೆಕ್ ಗೆಳೆಯರಿಗೆ ಇದು ಎಷ್ಟು ಕಷ್ಟದ ಬ್ಯಾಲೆನ್ಸ್ ಅಂತ ನಾನು ಹೇಳಬೇಕಿಲ್ಲ.

ಕೆಲವರು ಈ ಶೋಚುವನ್ನ ಓಕ್ ಪೀಪಾಯಲ್ಲಿ ವರ್ಷಗಟ್ಟಲೆ ಇಡ್ತಾರೆ. ಮರದಿಂದ ಬಣ್ಣ, ವೆನಿಲಿನ್, ಒಗರು ಎಲ್ಲಾ ಇಳಿಯುತ್ತೆ. ಕೆಲಸದ ಮೇಲೆ ಹೋಗಿದ್ದ ನಮ್ಮ ಮಾವ ಅಂಥದ್ದೊಂದು ಬಾಟಲಿ ತಂದಿದ್ರು. ನನಗಿನ್ನೂ 19, ಹಾಗಾಗಿ ಮೂಗಿಗಷ್ಟೇ ಪಾಲು. ಮೊದಲು ವೆನಿಲ್ಲಾ, ಆಮೇಲೆ ಕೊಬ್ಬರಿ ಥರ ಏನೋ, ಅದರಡಿಯಲ್ಲಿ ಆಗತಾನೇ ಬಸಿದ ಗಂಜಿ. ಮಾವ ಅಲ್ಲಿಯವರ ಹಾಗೆ ಲೋಟಕ್ಕೆ ಮೊದಲು ಬಿಸಿನೀರು, ಆಮೇಲೆ ಶೋಚು ಹಾಕಿ ಒಂದು ಗುಟುಕು ಕುಡಿದು, "ಶುರುವಾಗೋದು ವಿಸ್ಕಿ ಥರಾನೇ ಕಣೋ, ಮುಗಿಯೋದು ಅನ್ನದಲ್ಲಿ" ಅಂದ್ರು. ಬಣ್ಣ ಮಾತ್ರ ತೆಳು ಹುಲ್ಲಿನ ಹಳದಿ. ಪೀಪಾಯಲ್ಲಿ ಅಷ್ಟು ದಿನ ಇದ್ದದ್ದು ಇಷ್ಟು ಪೇಲವ ಯಾಕೆ?

ಕಾರಣ ಆ ನಿಯಮ. 430 ಮತ್ತು 480 ನ್ಯಾನೋಮೀಟರ್‌ನಲ್ಲಿ ಅಬ್ಸಾರ್ಬೆನ್ಸ್ 0.08 ದಾಟಬಾರದು. ಲೆಕ್ಕ ಹಾಕಿ ನೋಡಿ, ನೂರರಲ್ಲಿ ಸುಮಾರು 83 ಪಾಲು ಬೆಳಕು ಆಚೆ ಬರಲೇಬೇಕು. ದಾಟಿದ್ರೆ ಅದು ಶೋಚು ಅಲ್ಲ, ಬೇರೆ ವರ್ಗದಲ್ಲಿ ಮಾರಬೇಕು. ಹಾಗಾಗಿ ಬಣ್ಣವಿಲ್ಲದ ಶೋಚು ಬೆರೆಸ್ತಾರೆ, ಇಲ್ಲಾ ಸೋಸಿ ಬಣ್ಣ ತೆಗೀತಾರೆ. ಇದ್ದಿಲಲ್ಲಿ ಸೋಸಿದ್ರೆ ಬಣ್ಣದ ಜೊತೆ ಒಂದಿಷ್ಟು ಪರಿಮಳಾನೂ ಹೋಗುತ್ತೆ. ವರ್ಷಗಟ್ಟಲೆ ಕಾದು ಸೇರಿಸಿದ್ದನ್ನ ಕೊನೇ ದಿನ ತೆಗೆಯೋದು ಯಾವ ಎಂಜಿನಿಯರಿಂಗ್?

ವಿಸ್ಕಿ, ಬ್ರಾಂದಿ ಜೊತೆ ಗೊಂದಲ ಆಗಬಾರದು ಅನ್ನೋದು ಉದ್ದೇಶ. ಒಂದು ಕಾಲಕ್ಕೆ ಅದಕ್ಕೆ ಅರ್ಥ ಇತ್ತು, ಯಾಕಂದ್ರೆ ಶೋಚುಗೆ ತೆರಿಗೆ ಕಮ್ಮಿ, ವಿಸ್ಕಿಗೆ ಜಾಸ್ತಿ. 1996ರಲ್ಲಿ ಡಬ್ಲ್ಯೂಟಿಒ ಇದು ತಪ್ಪು ಅಂದ ಮೇಲೆ ಆ ಅಂತರ ಹೋಯ್ತು. ಬಣ್ಣದ ಗೆರೆ ಮಾತ್ರ ಉಳೀತು.

ಇನ್ನೊಂದು ತಮಾಷೆ ಅಮೆರಿಕದಲ್ಲಿ. ಅಲ್ಲಿ ಕೆಲವು ಪೀಪಾಯಿ ಶೋಚು, ಗಾಢ ಬಣ್ಣದ ಸಮೇತ, 'ರೈಸ್ ವಿಸ್ಕಿ' ಅಂತ ಮಾರಾಟ ಆಗುತ್ತೆ. ಆದ್ರೆ ಜಪಾನಿನ ತಯಾರಕರ ಸಂಘ 2021ರಲ್ಲಿ ತಂದ ಮಾನದಂಡದ ಪ್ರಕಾರ 'ಜಪಾನೀಸ್ ವಿಸ್ಕಿ'ಗೆ ಮಾಲ್ಟ್ ಇರಲೇಬೇಕು. ಬರೀ ಕೋಜಿಯಿಂದ ಆದದ್ದಕ್ಕೆ ಅಲ್ಲಿ ಜಾಗ ಇಲ್ಲ. ವಿಸ್ಕಿ ಅಂದ್ರೆ ಒಳ್ಳೇ ಬೆಲೆ ಸಿಗುತ್ತಲ್ಲಾ ಅಂತೀರಾ? ಸಿಗಬಹುದು. ಆದ್ರೆ ಕೊಳ್ಳೋನಿಗೆ ಕೋಜಿ ಅನ್ನೋ ಪದಾನೇ ಗೊತ್ತಾಗಲ್ಲ. 2024ರ ಡಿಸೆಂಬರಿನಲ್ಲಿ ಯುನೆಸ್ಕೋ ತನ್ನ ಪಟ್ಟಿಗೆ ಸೇರಿಸಿದ್ದು ಇದೇ ಕೋಜಿ ವಿದ್ಯೆಯನ್ನ, ಶೋಚುನೂ ಸೇರಿಸಿ.

ನನ್ನ ಪ್ರಕಾರ ಆ 0.08 ತೆಗೀಬೇಕು. ಗೊಂದಲದ ಭಯ ಇದ್ರೆ ಲೇಬಲ್ ಮೇಲೆ ದೊಡ್ಡದಾಗಿ ಬರೆಸಲಿ: ಅಕ್ಕಿ, ಕೋಜಿ, ಯಾವ ಮರದ ಪೀಪಾಯಿ, ಎಷ್ಟು ವರ್ಷ. ಅಮೆರಿಕಕ್ಕೆ ಹೋಗೋ ಬಾಟಲಿ ಮೇಲೂ ಶೋಚು ಅಂತಲೇ ಇರಲಿ, ಮೊದಮೊದಲು ನಾಲ್ಕು ಬಾಟಲಿ ಕಮ್ಮಿ ಹೋದ್ರೂ ಪರವಾಗಿಲ್ಲ.